ಟೇಬಲ್ ಗರಗಸದ ಸ್ಟಾರ್ಟರ್: ತ್ರೀ ಫೇಸ್‌ನಿಂದ ಸಿಂಗಲ್ ಫೇಸ್‌ಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಹಳೆಯ ವರ್ಕ್‌ಶಾಪಿನಿಂದ ಬಂದ ಟೇಬಲ್ ಗರಗಸಗಳಲ್ಲಿ ಒಳ್ಳೆಯವು ಬಹಳ ಇವೆ. ಎರಕದ ಟೇಬಲ್ಲು ಗಟ್ಟಿಯಾಗಿರುತ್ತದೆ, ಬೇರಿಂಗ್ ಚೆನ್ನಾಗಿರುತ್ತದೆ, ಆದರೆ ಮೋಟಾರು ತ್ರೀ ಫೇಸ್. ಕೊಂಡವರ ಶೆಡ್ಡಿನಲ್ಲಿ ಇರುವುದು ಸಿಂಗಲ್ ಫೇಸ್. ಮೋಟಾರು ಬದಲಿಸುವುದರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ; ಪಕ್ಕದಲ್ಲಿರುವ ಸ್ಟಾರ್ಟರ್ ಡಬ್ಬಿಯನ್ನು ಮಾತ್ರ ಎರಡು ವೈರು ಸಿಕ್ಕಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ, ಇಲ್ಲವೇ ಕಿತ್ತೇ ಬಿಡುತ್ತಾರೆ. ಎರಡೂ ತಪ್ಪು. ಆ ಡಬ್ಬಿ ನಿಮ್ಮ ಬೆರಳನ್ನೂ ಕಾಯುತ್ತದೆ, ಮೋಟಾರನ್ನೂ ಕಾಯುತ್ತದೆ. ಸಿಂಗಲ್ ಫೇಸ್‌ಗೆ ಬಂದ ಮೇಲೂ ಎರಡೂ ಕಾವಲು ಉಳಿಯಬೇಕು.

ಕೆಳಗಿನ ಲೆಕ್ಕವೆಲ್ಲ ತ್ರೀ ಫೇಸ್‌ನಲ್ಲಿ 400 ವೋಲ್ಟ್, ಸಿಂಗಲ್ ಫೇಸ್‌ನಲ್ಲಿ 230 ವೋಲ್ಟ್ ಎಂದು ಹಿಡಿದು ಮಾಡಿದ್ದು. 415 ಮತ್ತು 240 ಇದ್ದರೂ ಮಾತು ಬದಲಾಗುವುದಿಲ್ಲ.

ಸ್ಟಾರ್ಟರಿನ ವೈರಿಂಗ್ ಬದಲಿಸಿದರೆ ತ್ರೀ ಫೇಸ್ ಮೋಟಾರು ಸಿಂಗಲ್ ಫೇಸ್‌ನಲ್ಲಿ ಓಡುತ್ತದೆಯೇ?

ಇಲ್ಲ. ಸ್ಟಾರ್ಟರ್ ಕರೆಂಟನ್ನು ಹಚ್ಚುತ್ತದೆ, ಕಡಿಯುತ್ತದೆ, ಅಷ್ಟೆ. ಇಲ್ಲದ ಫೇಸನ್ನು ಅದು ಹುಟ್ಟಿಸುವುದಿಲ್ಲ. ಮೂರು ಫೇಸುಗಳು ಒಂದರ ಹಿಂದೊಂದು ಬರುವುದರಿಂದ ಮೋಟಾರಿನ ಒಳಗೆ ಸುತ್ತುವ ಕಾಂತಕ್ಷೇತ್ರ ಉಂಟಾಗುತ್ತದೆ, ರೋಟರು ಅದರ ಬೆನ್ನು ಹತ್ತಿ ತಿರುಗುತ್ತದೆ. ಒಂದೇ ಫೇಸ್ ಕೊಟ್ಟರೆ ಕ್ಷೇತ್ರ ನಿಂತಲ್ಲೇ ಏರಿ ಇಳಿಯುತ್ತದೆ. ಮೋಟಾರು ಗುಂಯ್‌ಗುಡುತ್ತಾ ನಿಲ್ಲುತ್ತದೆ, ಓಡುವಾಗಿನ ಕರೆಂಟಿಗಿಂತ ಹಲವು ಪಟ್ಟು ಎಳೆಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ವೈಂಡಿಂಗ್ ಸುಟ್ಟ ವಾಸನೆ ಬರುತ್ತದೆ.

ಕೈಯಿಂದಲೋ ಹಗ್ಗದಿಂದಲೋ ಒಮ್ಮೆ ತಿರುಗಿಸಿಬಿಟ್ಟರೆ ಅದು ಓಡುತ್ತದೆ ಎಂದು ಕೆಲವರು ಹೇಳುತ್ತಾರೆ. ಓಡುವುದು ನಿಜ. ಆದರೆ ಗರಗಸದ ಹತ್ತಿರ ಆ ಮಾತನ್ನು ಆಡಲೇಬಾರದು. ಬ್ಲೇಡ್ ಇರುವ ಯಂತ್ರವನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುವುದು ಎಂದರೆ ಕೈ ಕೊಟ್ಟು ಕೂರುವುದು.

ಹಾಗಾದರೆ ಸ್ಟಾರ್ಟರ್ ಮಾರ್ಪಡಿಸುವ ಪ್ರಶ್ನೆ ಯಾವಾಗ ಬರುತ್ತದೆ?

ತ್ರೀ ಫೇಸ್ ಮೋಟಾರು ತೆಗೆದು ಕೆಪ್ಯಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರು ಕೂರಿಸಿದಾಗ. ಈ ಪುಟದ ಹೆಚ್ಚಿನ ಭಾಗ ಅದರ ಬಗ್ಗೆಯೇ. ತ್ರೀ ಫೇಸ್ ಮೋಟಾರನ್ನೇ ಉಳಿಸಿಕೊಂಡು ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಎಲೆಕ್ಟ್ರಾನಿಕ್ ಡ್ರೈವ್) ಅಥವಾ ಫೇಸ್ ಕನ್ವರ್ಟರ್ ಹಾಕುವುದಾದರೆ ಸ್ಟಾರ್ಟರಿನ ಕತೆ ಬೇರೆ. ಅದು ಕೊನೆಯ ಕಡೆ ಇದೆ.

ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಪ್ಯಾನೆಲ್ ಕತ್ತರಿಸುವ ದೊಡ್ಡ ಗರಗಸಗಳಲ್ಲಿ ಮುಖ್ಯ ಬ್ಲೇಡಿನ ಮುಂದೆ ಗೀರು ಹಾಕುವ ಸಣ್ಣ ಬ್ಲೇಡ್ ಇರುತ್ತದೆ, ಅದಕ್ಕೆ ಬೇರೆ ಮೋಟಾರು. ಅದೂ ತ್ರೀ ಫೇಸೇ. ಮುಖ್ಯ ಮೋಟಾರು ಬದಲಿಸಿ ಇದನ್ನು ಮರೆತರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೋಟಾರನ್ನು ಎರಡು ಹಂತದಲ್ಲಿ ಚಾಲೂ ಮಾಡುವಂಥದ್ದು) ಇರುವ ಗರಗಸವಾದರೆ ಮೋಟಾರು ದೊಡ್ಡದಿದೆ ಎಂದೇ ಅರ್ಥ. ಅದನ್ನು ಸಿಂಗಲ್ ಫೇಸ್‌ಗೆ ತರುವ ಯೋಚನೆ ಬಿಟ್ಟು ತ್ರೀ ಫೇಸ್ ಸಂಪರ್ಕ ಪಡೆಯುವುದೇ ಸರಿ.

ಸ್ಟಾರ್ಟರೇ ಯಾಕೆ? ಒಳ್ಳೆಯ ಮಾಮೂಲಿ ಸ್ವಿಚ್ ಹಾಕಿದರೆ ಸಾಲದೇ?

ಸಾಲದು. ಈ ಪ್ರಶ್ನೆಗೆ ನನ್ನ ಉತ್ತರ ಯಾವತ್ತೂ ಬದಲಾಗಿಲ್ಲ.

ಗರಗಸ ಓಡುತ್ತಿದೆ, ಕರೆಂಟು ಹೋಯಿತು ಎಂದುಕೊಳ್ಳಿ. ಬ್ಲೇಡ್ ನಿಂತಿತು. ಅರ್ಧ ಸೀಳಿದ ಹಲಗೆ ಬ್ಲೇಡಿನಲ್ಲೇ ಕಚ್ಚಿಕೊಂಡಿದೆ. ಯಾರೋ ಬಂದು ಅದನ್ನು ಬಿಡಿಸಲು ಕೈ ಹಾಕಿದರು. ಆಗ ಕರೆಂಟು ಬಂತು. ಮಾಮೂಲಿ ಸ್ವಿಚ್ ಇದ್ದರೆ ಅದು ಆನ್ ಸ್ಥಿತಿಯಲ್ಲೇ ಇರುತ್ತದೆ, ಬ್ಲೇಡ್ ತಿರುಗಲು ಶುರುವಾಗುತ್ತದೆ. ಸ್ಟಾರ್ಟರ್ ಇದ್ದರೆ ಕರೆಂಟು ಹೋದ ಕ್ಷಣವೇ ಕಾಯಿಲ್ (ಕರೆಂಟು ಹರಿದಾಗ ಅಯಸ್ಕಾಂತವಾಗಿ ಒಳಗಿನ ಸ್ವಿಚ್ಚನ್ನು ಎಳೆದು ಹಿಡಿಯುವ ತಂತಿ ಸುರುಳಿ) ಬಿಟ್ಟುಬಿಡುತ್ತದೆ. ಮತ್ತೆ ಹಸಿರು ಬಟನ್ ಒತ್ತುವವರೆಗೆ ಏನೂ ಆಗುವುದಿಲ್ಲ. ಇದು ಮೊದಲ ಕಾವಲು. ಎರಡನೆಯದು ಓವರ್‌ಲೋಡ್ ರಿಲೇ: ಬ್ಲೇಡ್ ಮೊಂಡಾಗಿ, ಮರ ಬಿಗಿದು, ಮೋಟಾರು ತನ್ನ ಶಕ್ತಿ ಮೀರಿ ಎಳೆಯುತ್ತಿದ್ದರೆ ವೈಂಡಿಂಗ್ ಸುಡುವ ಮೊದಲೇ ಲೈನ್ ಕಡಿಯುತ್ತದೆ. ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಅದು ಇರುವುದು ವೈರನ್ನು ಕಾಯಲು.

ಡಬ್ಬಿ ತೆಗೆದರೆ ಒಳಗೆ ಏನು ಕಾಣುತ್ತದೆ?

ಮೇಲೆ ಕಾಂಟ್ಯಾಕ್ಟರ್, ಅಂದರೆ ಕಾಯಿಲ್ ಎಳೆದಾಗ ಮುಚ್ಚಿಕೊಳ್ಳುವ ದೊಡ್ಡ ಸ್ವಿಚ್. ಅದರ ಮೇಲ್ಭಾಗದಲ್ಲಿ ಎಲ್1, ಎಲ್2, ಎಲ್3 ಎಂಬ ಮೂರು ಸ್ಕ್ರೂಗಳು. ಸಪ್ಲೈ ಬರುವುದು ಇಲ್ಲಿಗೆ. ಕೆಳಗೆ ಅಂಟಿಕೊಂಡಿರುವುದು ಓವರ್‌ಲೋಡ್ ರಿಲೇ. ಅದರ ಕೆಳಭಾಗದ ಟಿ1, ಟಿ2, ಟಿ3ಗಳಿಂದ ಮೋಟಾರಿಗೆ ವೈರು ಹೋಗುತ್ತದೆ. ಕಾಯಿಲಿನ ಎರಡು ತುದಿ ಎ1 ಮತ್ತು ಎ2. ಪಕ್ಕದಲ್ಲಿ 13-14 ಎಂಬ ಸಣ್ಣ ಕಾಂಟ್ಯಾಕ್ಟು, ರಿಲೇಯಲ್ಲಿ ಓವರ್‌ಲೋಡ್ ಆದಾಗ ತೆರೆದುಕೊಳ್ಳುವ 95-96 ಎಂಬ ಇನ್ನೊಂದು ಸಣ್ಣ ಕಾಂಟ್ಯಾಕ್ಟು. ಆಮೇಲೆ ಹಸಿರು ಮತ್ತು ಕೆಂಪು ಬಟನ್‌ಗಳು. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ) ಮಾದರಿಯ ಸ್ಟಾರ್ಟರ್ ಯಾವ ಕಂಪನಿಯದ್ದಾದರೂ ಈ ಅಂಕಿಗಳು ಅವೇ.

ಕರೆಂಟಿಗೆ ಒಳಗೆ ಎರಡು ದಾರಿಗಳಿವೆ. ದಪ್ಪ ವೈರಿನದು ಮೋಟಾರಿನ ದಾರಿ, ಸಣ್ಣ ವೈರಿನದು ಕಾಯಿಲಿನ ದಾರಿ. ಸಣ್ಣ ದಾರಿ ಹೀಗೆ ಸಾಗುತ್ತದೆ: ಲೈವ್‌ನಿಂದ 95-96, ಅಲ್ಲಿಂದ ಕೆಂಪು ಬಟನ್, ಅಲ್ಲಿಂದ ಹಸಿರು ಬಟನ್, ಅಲ್ಲಿಂದ ಎ1, ಎ2ರಿಂದ ವಾಪಸ್ಸು. ಹಸಿರು ಬಟನ್ನಿಗೆ ಸಮಾನಾಂತರವಾಗಿ 13-14 ಇರುತ್ತದೆ. ಕಾಂಟ್ಯಾಕ್ಟರ್ ಕೂತ ಕೂಡಲೇ ಅದು ಮುಚ್ಚಿಕೊಂಡು, ನೀವು ಬೆರಳು ತೆಗೆದರೂ ಕಾಯಿಲಿಗೆ ಕರೆಂಟು ಹೋಗುತ್ತಲೇ ಇರುವಂತೆ ನೋಡಿಕೊಳ್ಳುತ್ತದೆ. ಕರೆಂಟು ಹೋದರೆ ಅದೂ ತೆರೆದುಕೊಳ್ಳುತ್ತದೆ. ಮೇಲೆ ಹೇಳಿದ ಮೊದಲ ಕಾವಲು ಇದೇ.

ಕಾಯಿಲ್ ಬದಲಿಸಲೇಬೇಕೇ?

ಕಾಯಿಲಿನ ಮೇಲೆ ಬರೆದಿರುವುದನ್ನು ಓದಿ. ಎ1, ಎ2 ಹತ್ತಿರವೇ ವೋಲ್ಟೇಜ್ ಮತ್ತು ಹರ್ಟ್ಸ್ ಅಚ್ಚಾಗಿರುತ್ತದೆ. 230 ಅಥವಾ 240 ಎಂದಿದ್ದರೆ ನಿಮ್ಮ ಅದೃಷ್ಟ, ಹಾಗೇ ಬಿಡಿ. 400, 415 ಎಂದಿದ್ದರೆ ಬದಲಿಸಲೇಬೇಕು.

ಬದಲಿಸದೆ 230 ಕೊಟ್ಟರೆ ಏನಾಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಐಇಸಿ ಮಾನದಂಡದ ಪ್ರಕಾರ ಕಾಯಿಲಿಗೆ ಅದರ ವೋಲ್ಟೇಜಿನ ಶೇ. 85ರಿಂದ 110ರವರೆಗೆ ಸಿಕ್ಕರೆ ಕಾಂಟ್ಯಾಕ್ಟರ್ ಸರಿಯಾಗಿ ಕೂರಬೇಕು. 400ರ ಕಾಯಿಲಿಗೆ 230 ಎಂದರೆ ಶೇ. 60ಕ್ಕೂ ಕಡಿಮೆ. ಅದು ಅರ್ಧ ಎಳೆದು, ಬಿಟ್ಟು, ಮತ್ತೆ ಎಳೆದು ಕಟಕಟ ಎನ್ನುತ್ತದೆ. ಪ್ರತಿ ಸಲವೂ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರಿ ಬೆಳ್ಳಿಯ ಮುಖ ಕರಗುತ್ತದೆ. ಇನ್ನೊಂದು ಕೆಡುಕೂ ಇದೆ. ಏಸಿ ಕಾಯಿಲ್ ಪೂರ್ತಿ ಎಳೆದುಕೊಂಡು ಕೂತಾಗ ಮಾತ್ರ ಕಡಿಮೆ ಕರೆಂಟು ತೆಗೆದುಕೊಳ್ಳುತ್ತದೆ. ಸಣ್ಣ ಕಾಂಟ್ಯಾಕ್ಟರಿನಲ್ಲಿ ಎಳೆಯುವ ಕ್ಷಣಕ್ಕೆ ಸುಮಾರು 70 ವೋಲ್ಟ್-ಆಂಪಿಯರ್ ಬೇಕು, ಕೂತ ಮೇಲೆ ಅದರ ಹತ್ತನೇ ಒಂದು ಭಾಗ ಸಾಕು. ಕೂರದೆ ನಡುವೆ ನಿಂತರೆ ಹೆಚ್ಚಿನ ಕರೆಂಟು ಹರಿಯುತ್ತಲೇ ಇರುತ್ತದೆ. ಹೀಗೆ ವೋಲ್ಟೇಜ್ ಕಡಿಮೆಯಾದದ್ದರಿಂದಲೇ ಕಾಯಿಲ್ ಸುಟ್ಟುಹೋಗುತ್ತದೆ.

ಹೆಚ್ಚಿನ ಕಾಂಟ್ಯಾಕ್ಟರುಗಳಿಗೆ ಬೇರೆ ಕಾಯಿಲ್ ಬಿಡಿಯಾಗಿ ಸಿಗುತ್ತದೆ. ಮುಂಭಾಗದ ಎರಡು ಸ್ಕ್ರೂ ಅಥವಾ ಕ್ಲಿಪ್ ಬಿಚ್ಚಿದರೆ ಮೇಲ್ಭಾಗ ಕಳಚುತ್ತದೆ. ಒಳಗೊಂದು ಸ್ಪ್ರಿಂಗ್ ಇದೆ, ಹಾರಿ ಮರದ ಹೊಟ್ಟಿನಲ್ಲಿ ಬಿದ್ದರೆ ಸಿಗುವುದಿಲ್ಲ. ಬಟ್ಟೆ ಹಾಸಿದ ಮೇಜಿನ ಮೇಲೆ ಬಿಚ್ಚಿ. ಕಬ್ಬಿಣದ ತುಂಡಿನ ಎರಡು ಮುಖಗಳೂ ಕನ್ನಡಿಯಂತೆ ನಯವಾಗಿರಬೇಕು. ಅಲ್ಲಿ ಹೊಟ್ಟು, ತುಕ್ಕು, ಗ್ರೀಸ್ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಉಪ್ಪುಕಾಗದ ಹಾಕಿ ಉಜ್ಜಬೇಡಿ. ಆ ಮುಖದ ಮೇಲೆ ಕೂರಿಸಿರುವ ತಾಮ್ರದ ಸಣ್ಣ ಉಂಗುರ ಬಿರುಕು ಬಿಟ್ಟಿದ್ದರೆ ಹೊಸ ಕಾಯಿಲ್ ಹಾಕಿದರೂ ಗುಂಯ್ ಎನ್ನುವುದು ನಿಲ್ಲುವುದಿಲ್ಲ, ಆಗ ಕಾಂಟ್ಯಾಕ್ಟರನ್ನೇ ಬದಲಿಸಿ.

ಕೆಲವು ಯಂತ್ರಗಳಲ್ಲಿ ಕಾಯಿಲ್ 24 ಅಥವಾ 110 ವೋಲ್ಟಿನದು, ಪಕ್ಕದಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್. ಅಲ್ಲಿ ಕಾಯಿಲನ್ನು ಮುಟ್ಟಬೇಡಿ. ಟ್ರಾನ್ಸ್‌ಫಾರ್ಮರಿನ ಒಳಬರುವ ಕಡೆ 230 ಮತ್ತು 400 ಎಂದು ಎರಡು ಟ್ಯಾಪ್ ಬಹಳ ಸಲ ಇರುತ್ತವೆ. ವೈರನ್ನು 400ರಿಂದ 230ಕ್ಕೆ ಸರಿಸಿದರೆ ಆಯಿತು.

ಕಾಯಿಲ್ ಸರಿ ಇದೆ, ವೈರೂ ಕೊಟ್ಟಿದ್ದೇನೆ. ಹಸಿರು ಬಟನ್ ಒತ್ತಿದರೆ ಟಕ್ ಎಂದೂ ಅನ್ನುವುದಿಲ್ಲ. ಏಕೆ?

ಬಹುಪಾಲು ಸಂದರ್ಭದಲ್ಲಿ ಕಾಯಿಲಿನ ಒಂದು ತುದಿ ಈಗ ಕರೆಂಟೇ ಇಲ್ಲದ ಸ್ಕ್ರೂಗೆ ಸೇರಿರುತ್ತದೆ. ತ್ರೀ ಫೇಸ್‌ನಲ್ಲಿ ಕಂಟ್ರೋಲ್ ವೈರನ್ನು ಎಲ್1 ಮತ್ತು ಎಲ್2ರಿಂದ ತೆಗೆದಿರಬಹುದು, ಎಲ್1 ಮತ್ತು ಎಲ್3ರಿಂದಲೂ ತೆಗೆದಿರಬಹುದು. ನೀವು ಎರಡು ಸ್ಕ್ರೂಗೆ ಮಾತ್ರ ಸಪ್ಲೈ ಕೊಟ್ಟಾಗ ಮೂರನೆಯದು ಸತ್ತಿದೆ. ಅಲ್ಲಿಗೆ ಸೇರಿದ ಸಣ್ಣ ವೈರನ್ನು ನ್ಯೂಟ್ರಲ್ ಬರುವ ಸ್ಕ್ರೂಗೆ ತನ್ನಿ. ಕಾಂಟ್ಯಾಕ್ಟರಿನ ಮೇಲ್ಭಾಗಕ್ಕೇ ಸೇರಬೇಕು; ಕೆಳಭಾಗಕ್ಕೆ ಸೇರಿಸಿದರೆ ಕಾಂಟ್ಯಾಕ್ಟರ್ ಮುಚ್ಚುವ ಮೊದಲು ಅಲ್ಲಿ ಕರೆಂಟು ಇರುವುದಿಲ್ಲ.

ಈ ಕೆಲಸ ಮಾಡುವಾಗಲೇ ಇನ್ನೊಂದನ್ನು ಸರಿಪಡಿಸಿ. ಕೆಲವು ಸ್ಟಾರ್ಟರುಗಳಲ್ಲಿ 95-96 ಕಾಂಟ್ಯಾಕ್ಟು ಕಾಯಿಲಿನ ಆಚೆ, ವಾಪಸ್ಸಿನ ದಾರಿಯಲ್ಲಿರುತ್ತದೆ. ನ್ಯೂಟ್ರಲ್ ಇರುವ ವ್ಯವಸ್ಥೆಯಲ್ಲಿ ಬಟನ್‌ಗಳೂ 95-96ವೂ ಲೈವ್ ಕಡೆ ಇದ್ದು, ಎ2 ನೇರವಾಗಿ ನ್ಯೂಟ್ರಲ್‌ಗೆ ಹೋಗುವುದು ಒಳ್ಳೆಯದು. ಇಲ್ಲದಿದ್ದರೆ ಎ2 ಮತ್ತು 96ರ ನಡುವಿನ ವೈರು ಎಲ್ಲೋ ಸವೆದು ಬಾಡಿಗೆ ತಗುಲಿದರೆ, ಓವರ್‌ಲೋಡ್ ತೆರೆದುಕೊಂಡರೂ ಕಾಯಿಲಿಗೆ ಅರ್ತ್ ಮೂಲಕ ದಾರಿ ಸಿಕ್ಕಿ ಅದು ಬಿಡದೇ ಹೋಗಬಹುದು.

ಮೂರು ಪೋಲ್ (ಎಲ್1ರಿಂದ ಟಿ1ರಂಥ ಒಂದೊಂದು ದಾರಿ) ಇವೆ, ನನಗೆ ಬೇಕಿರುವುದು ಎರಡು. ಒಂದನ್ನು ಖಾಲಿ ಬಿಡಲೇ?

ಬಿಡಬೇಡಿ. ಈಗಿನ ಬಹುತೇಕ ಓವರ್‌ಲೋಡ್ ರಿಲೇಗಳು ಫೇಸ್ ತಪ್ಪಿದರೆ ಗುರುತಿಸುತ್ತವೆ. ಒಳಗೆ ಮೂರು ಬೈಮೆಟಲ್ ಪಟ್ಟಿಗಳಿವೆ (ಬಿಸಿಯಾದರೆ ಬಾಗುವ ಜೋಡಿ ಲೋಹದ ಪಟ್ಟಿಗಳು); ಎರಡು ಬಿಸಿಯಾಗಿ ಬಾಗಿ ಮೂರನೆಯದು ತಣ್ಣಗೆ ನೆಟ್ಟಗಿದ್ದರೆ ರಿಲೇ ಅದನ್ನು ಫೇಸ್ ಹೋಗಿದೆ ಎಂದೇ ತಿಳಿದು ಬೇಗ ಟ್ರಿಪ್ ಆಗುತ್ತದೆ. ಮೋಟಾರಿಗೆ ಏನೂ ತೊಂದರೆಯಿಲ್ಲದಿದ್ದರೂ ಕೆಲಸದ ನಡುವೆ ಗರಗಸ ನಿಲ್ಲುತ್ತದೆ. ಬೇಸತ್ತವರು ಸೆಟ್ಟಿಂಗ್ ಏರಿಸುತ್ತಾರೆ, ಅಲ್ಲಿಗೆ ಕಾವಲು ಹೋಯಿತು.

ಮೋಟಾರಿನ ಕರೆಂಟು ಮೂರೂ ಪೋಲ್‌ಗಳ ಮೂಲಕ ಸಾಲಾಗಿ ಹರಿಯಬೇಕು. ಲೈವ್ ಎಲ್1ಕ್ಕೆ ಬರಲಿ. ಓವರ್‌ಲೋಡಿನ ಟಿ1ರಿಂದ ಒಂದು ವೈರು ಮೇಲಕ್ಕೆ ತಂದು ಎಲ್2ಕ್ಕೆ ಕೊಡಿ. ಟಿ2ರಿಂದ ಮೋಟಾರಿನ ಒಂದು ತುದಿಗೆ. ನ್ಯೂಟ್ರಲ್ ಎಲ್3ಕ್ಕೆ ಬಂದು ಟಿ3ರಿಂದ ಮೋಟಾರಿನ ಇನ್ನೊಂದು ತುದಿಗೆ. ಈಗ ಮೂರು ಪಟ್ಟಿಗಳೂ ಒಂದೇ ಕರೆಂಟಿನಿಂದ ಬಿಸಿಯಾಗುತ್ತವೆ. ಟಿ1ರಿಂದ ಎಲ್2ಕ್ಕೆ ಹೋಗುವ ಆ ತುಂಡು ವೈರು ಮೋಟಾರಿನ ಪೂರ್ತಿ ಕರೆಂಟು ಹೊರುತ್ತದೆ. ಅದು ಸಪ್ಲೈ ವೈರಿನಷ್ಟೇ ದಪ್ಪವಿರಬೇಕು. ಈ ಜೋಡಣೆಯಲ್ಲಿ ಕಾಯಿಲಿನ ಲೈವ್ ಎಲ್1ರಿಂದಲೂ ನ್ಯೂಟ್ರಲ್ ಎಲ್3ರಿಂದಲೂ ಬರಬೇಕು. ಎಲ್2 ಕಾಂಟ್ಯಾಕ್ಟರ್ ಕೂತ ಮೇಲಷ್ಟೇ ಜೀವ ಪಡೆಯುತ್ತದೆ.

ಇಲ್ಲಿ ಒಂದು ತಪ್ಪು ಬಹಳ ಸುಲಭವಾಗಿ ನುಸುಳುತ್ತದೆ. ಮೇಲ್ಭಾಗದಲ್ಲಿ ಎಲ್1 ಮತ್ತು ಎಲ್2ನ್ನೂ ಕೆಳಭಾಗದಲ್ಲಿ ಟಿ1 ಮತ್ತು ಟಿ2ನ್ನೂ ತುಂಡು ವೈರಿನಿಂದ ಕೂಡಿಸುತ್ತಾರೆ, ಮೂರೂ ಪೋಲ್ ಬಳಕೆಯಾಯಿತಲ್ಲ ಎಂದು. ಆಗ ಕರೆಂಟು ಎರಡು ಪೋಲ್‌ಗಳಲ್ಲಿ ಹಂಚಿಕೊಂಡು ಹೋಗುತ್ತದೆ, ಆ ಎರಡು ಪಟ್ಟಿಗಳಿಗೆ ಅರ್ಧರ್ಧ ಕರೆಂಟಷ್ಟೇ ಕಾಣುತ್ತದೆ. ಸೆಟ್ಟಿಂಗಿಗೂ ಮೋಟಾರಿಗೂ ತಾಳೆಯೇ ಇರುವುದಿಲ್ಲ. ಮುಚ್ಚಳ ಹಾಕುವ ಮೊದಲು ಆ ತುಂಡು ವೈರು ಕೆಳಗಿನಿಂದ ಮೇಲಕ್ಕೆ ಬಂದಿದೆಯೇ ಎಂದು ಬೆರಳಿಟ್ಟು ನೋಡಿ.

ಓವರ್‌ಲೋಡನ್ನು ಎಷ್ಟಕ್ಕೆ ಇಡಬೇಕು? ಹಳೆಯದೇ ನಡೆಯುತ್ತದೆಯೇ?

ಮೋಟಾರಿನ ನೇಮ್‌ಪ್ಲೇಟ್‌ನಲ್ಲಿ ಬರೆದಿರುವ ಆಂಪಿಯರ್‌ಗೆ ಇಡಿ, ಒಂದು ಗೆರೆಯೂ ಹೆಚ್ಚು ಬೇಡ. ಹಳೆಯ ರಿಲೇ ನಡೆಯುವುದು ತೀರಾ ಅಪರೂಪ. 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ ಮೋಟಾರು 400 ವೋಲ್ಟ್ ತ್ರೀ ಫೇಸ್‌ನಲ್ಲಿ 5 ಆಂಪಿಯರ್ ಆಸುಪಾಸು ಎಳೆಯುತ್ತದೆ. ಅಷ್ಟೇ ಶಕ್ತಿಯ ಸಿಂಗಲ್ ಫೇಸ್ ಮೋಟಾರು 230 ವೋಲ್ಟ್‌ನಲ್ಲಿ ಸುಮಾರು 14 ಆಂಪಿಯರ್ ಎಳೆಯುತ್ತದೆ, ಕೆಲವು ಅದಕ್ಕೂ ಹೆಚ್ಚು. 4ರಿಂದ 6 ಆಂಪಿಯರಿನ ರಿಲೇಯ ಗುಂಡಿಯನ್ನು ಎಷ್ಟು ತಿರುಗಿಸಿದರೂ 14 ಆಗದು. ಅದೇ ಕಾಂಟ್ಯಾಕ್ಟರಿಗೆ ಕೂರುವ, ನಿಮ್ಮ ಆಂಪಿಯರ್ ನಡುವೆ ಬರುವ ರಿಲೇ ತನ್ನಿ. ಅಮೆರಿಕದ ಹಳೆಯ ಸ್ಟಾರ್ಟರುಗಳಲ್ಲಿ ಗುಂಡಿ ಇರುವುದಿಲ್ಲ, ಬಿಚ್ಚಿ ಹಾಕುವ ಹೀಟರುಗಳಿರುತ್ತವೆ. ಮುಚ್ಚಳದ ಒಳಗಿನ ಪಟ್ಟಿ ನೋಡಿ ಹೊಸ ಕರೆಂಟಿಗೆ ಸರಿಯಾದ ನಂಬರು ಹಾಕಬೇಕು.

ರಿಲೇಯ ನೀಲಿ ಗುಂಡಿಯಲ್ಲಿ ತಾನೇ ರೀಸೆಟ್ ಆಗುವ ಸ್ಥಾನ ಮತ್ತು ಕೈಯಿಂದ ರೀಸೆಟ್ ಮಾಡುವ ಸ್ಥಾನ ಎರಡೂ ಇದ್ದರೆ ಕೈಯದಕ್ಕೇ ಇಡಿ.

ಹೊಸ ಸಿಂಗಲ್ ಫೇಸ್ ಮೋಟಾರಿನಲ್ಲೇ ಥರ್ಮಲ್ ಪ್ರೊಟೆಕ್ಟರ್ ಇದೆ. ಆಗಲೂ ಓವರ್‌ಲೋಡ್ ಬೇಕೇ?

ಬೇಕು. ಅದಕ್ಕಿಂತ ಮುಖ್ಯವಾಗಿ ಆ ಪ್ರೊಟೆಕ್ಟರ್ ಯಾವ ಜಾತಿಯದು ಎಂದು ತಿಳಿದುಕೊಳ್ಳಿ. ಮೋಟಾರಿನ ಮೇಲೆ ಕೆಂಪು ಗುಂಡಿ ಇದ್ದು ಅದನ್ನು ಒತ್ತಿದರೆ ಮಾತ್ರ ಮತ್ತೆ ಓಡುವುದಾದರೆ ಸರಿ. ತಾನಾಗಿ ರೀಸೆಟ್ ಆಗುವ ಪ್ರೊಟೆಕ್ಟರ್ ಆದರೆ ಗರಗಸಕ್ಕೆ ಅದು ಅಪಾಯ. ಬಿಸಿಯಾಗಿ ಮೋಟಾರು ನಿಲ್ಲುತ್ತದೆ, ಆದರೆ ಸ್ಟಾರ್ಟರಿಗೆ ಇದು ಗೊತ್ತೇ ಆಗುವುದಿಲ್ಲ. ಕಾಂಟ್ಯಾಕ್ಟರ್ ಕೂತೇ ಇರುತ್ತದೆ. ಕೆಲವು ನಿಮಿಷದ ಮೇಲೆ ಮೋಟಾರು ತಣ್ಣಗಾಗಿ, ಯಾರೂ ಬಟನ್ ಒತ್ತದೆ ಬ್ಲೇಡ್ ತಿರುಗುತ್ತದೆ. ಮೋಟಾರು ಕೊಳ್ಳುವಾಗಲೇ ಇದನ್ನು ಕೇಳಿ. ಪ್ರೊಟೆಕ್ಟರಿನ ಎರಡು ವೈರು ಪ್ರತ್ಯೇಕವಾಗಿ ಹೊರಗೆ ಬಂದಿದ್ದು, ಕಂಟ್ರೋಲ್ ದಾರಿಯಲ್ಲಿ ಬಳಸಲೆಂದೇ ಕೊಟ್ಟಿದ್ದರೆ 95-96ರ ಜೊತೆ ಸಾಲಿನಲ್ಲಿ ಸೇರಿಸಬಹುದು. ಆಗ ಬಿಸಿಯಾದರೆ ಸ್ಟಾರ್ಟರೇ ಬಿಡುತ್ತದೆ.

ಕಾಂಟ್ಯಾಕ್ಟರ್ ಸಣ್ಣದಾಯಿತೇ ಎಂದು ಹೇಗೆ ತಿಳಿಯುವುದು?

ಕಿಲೋವ್ಯಾಟ್ ನೋಡಿ ಮೋಸಹೋಗಬೇಡಿ, ಎಸಿ-3 (ಮೋಟಾರು ಓಡಿಸುವ ಬಳಕೆಯ ದರ್ಜೆ) ಎಂಬುದರ ಎದುರಿನ ಆಂಪಿಯರ್ ನೋಡಿ. 9 ಆಂಪಿಯರಿನ ಕಾಂಟ್ಯಾಕ್ಟರ್ ಮೇಲೆ 4 ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಅದು 400 ವೋಲ್ಟ್ ತ್ರೀ ಫೇಸ್‌ನ ಮಾತು. 14 ಆಂಪಿಯರ್ ಎಳೆಯುವ 2.2 ಕಿಲೋವ್ಯಾಟ್ ಸಿಂಗಲ್ ಫೇಸ್ ಮೋಟಾರಿಗೆ ಅದು ಸಾಲದು. 18 ಆಂಪಿಯರಿನದು ಹಾಕಿ. ಹಳೆಯ ಕಾಂಟ್ಯಾಕ್ಟರ್ ಸಣ್ಣದು, ಕಾಯಿಲ್ 400ರದು, ರಿಲೇ 6 ಆಂಪಿಯರಿನದು ಎಂದಾದರೆ ಉಳಿದದ್ದು ಡಬ್ಬಿ ಮತ್ತು ಬಟನ್ ಮಾತ್ರ. ಆಗ 230 ವೋಲ್ಟಿನ ಹೊಸ ಸ್ಟಾರ್ಟರನ್ನೇ ಕೊಳ್ಳುವುದು ಜಾಣತನ. ಹಳೆಯದನ್ನು ಉಳಿಸುವ ಹಟದಲ್ಲಿ ಬಿಡಿಭಾಗಕ್ಕೇ ಹೆಚ್ಚು ಖರ್ಚಾಗುತ್ತದೆ.

ನ್ಯೂಟ್ರಲ್ಲನ್ನೂ ಕಾಂಟ್ಯಾಕ್ಟರ್ ಮೂಲಕವೇ ಒಯ್ಯಬೇಕೇ?

ಒಯ್ಯಿರಿ. ಎಲ್ಲೋ ಲೈವ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದ್ದರೂ ಗರಗಸ ನಿಂತಾಗ ಮೋಟಾರಿನಲ್ಲಿ ಕರೆಂಟು ಉಳಿಯುವುದಿಲ್ಲ. ಕೆಲವು ದೇಶಗಳಲ್ಲಿ 240 ವೋಲ್ಟ್ ಎಂದರೆ ಎರಡೂ ವೈರು ಲೈವ್. ಅಲ್ಲಿ ಎರಡನ್ನೂ ಕಡಿಯಲೇಬೇಕು. ಅರ್ತ್ ವೈರು ಮಾತ್ರ ಯಾವ ಕಾಂಟ್ಯಾಕ್ಟಿನ ಮೂಲಕವೂ ಹೋಗಕೂಡದು. ಅದು ಡಬ್ಬಿ, ಮೋಟಾರು, ಗರಗಸದ ಬಾಡಿ ಮೂರಕ್ಕೂ ನೇರ ಸ್ಕ್ರೂ ಆಗಬೇಕು, ಬಣ್ಣ ಕೆರೆದು ಲೋಹ ಕಾಣುವ ಜಾಗದಲ್ಲಿ.

ವೈರು, ಎಂಸಿಬಿ?

15 ಆಂಪಿಯರ್ ಒಳಗಿನ ಮೋಟಾರಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು ಕನಿಷ್ಠ. ಬೋರ್ಡು ದೂರವಿದ್ದರೆ 4. ಹಳೆಯ ತ್ರೀ ಫೇಸ್ ಕೇಬಲ್ 1.5ರದ್ದಾಗಿದ್ದರೆ ತೆಗೆದುಹಾಕಿ. ತೆಳು ವೈರಿನಲ್ಲಿ ಸ್ಟಾರ್ಟ್ ಆಗುವಾಗ ವೋಲ್ಟೇಜ್ ಕುಸಿದು ಮೋಟಾರು ವೇಗ ಹಿಡಿಯಲು ತಡವಾಗುತ್ತದೆ, ಸ್ಟಾರ್ಟಿಂಗ್ ವೈಂಡಿಂಗ್ ಬೇಡದಷ್ಟು ಹೊತ್ತು ಕರೆಂಟಿನಲ್ಲಿರುತ್ತದೆ. ಎಂಸಿಬಿ ಸಿ ಅಥವಾ ಡಿ ಕರ್ವ್‌ನದು (ಸ್ಟಾರ್ಟ್ ಆಗುವ ಕ್ಷಣದ ಹೆಚ್ಚಿನ ಕರೆಂಟನ್ನು ತಾಳುವಂಥದ್ದು) ಇರಲಿ, ಬಿ ಕರ್ವ್‌ನದು ಸ್ಟಾರ್ಟ್ ಮಾಡುವಾಗಲೇ ಬೀಳಬಹುದು. ವೈರು ಹೊರುವುದಕ್ಕಿಂತ ದೊಡ್ಡ ಎಂಸಿಬಿ ಹಾಕಬೇಡಿ. ಹಸಿರು-ಹಳದಿ ವೈರನ್ನು ಅರ್ತ್‌ಗಲ್ಲದೆ ಬೇರೆ ಯಾವುದಕ್ಕೂ ಬಳಸಬೇಡಿ, ಟೇಪು ಸುತ್ತಿಯೂ ಬೇಡ. ಬೋರ್ಡಿನಿಂದ ಹೊಸ ಲೈನ್ ಎಳೆಯುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಕೈ ಹಾಕುವ ಮೊದಲು ಏನು ಮಾಡಬೇಕು?

ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿಡಿ. ನೇರ ಲೈನ್ ಆದರೆ ಮೇನ್ ಆಫ್ ಮಾಡಿ ಬೀಗ ಹಾಕಿ. ಟೆಸ್ಟರ್ ಸ್ಕ್ರೂಡ್ರೈವರಿನ ದೀಪವನ್ನು ನಂಬಬೇಡಿ; ಮಲ್ಟಿಮೀಟರನ್ನು ಕರೆಂಟು ಇರುವ ಕಡೆ ಹಿಡಿದು ಅದು ಕೆಲಸ ಮಾಡುತ್ತಿದೆ ಎಂದು ಖಚಿತಪಡಿಸಿಕೊಂಡು, ಸ್ಟಾರ್ಟರಿನಲ್ಲಿ ಎಲ್ಲ ಜೋಡಿಗಳನ್ನೂ ನೋಡಿ, ಮತ್ತೆ ಕರೆಂಟು ಇರುವ ಕಡೆ ಹಿಡಿದು ನೋಡಿ. ಬ್ಲೇಡ್ ಬಿಚ್ಚಿಡಿ. ಹಳೆಯ ವೈರಿಂಗಿನ ಫೋಟೋ ತೆಗೆದು, ಪ್ರತಿ ವೈರಿಗೂ ಅದು ಇದ್ದ ಸ್ಕ್ರೂನ ಹೆಸರು ಬರೆದ ಚೀಟಿ ಅಂಟಿಸಿ.

ಸಿಂಗಲ್ ಫೇಸ್ ಮೋಟಾರಿನ ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ ಕರೆಂಟು ಹಿಡಿದಿಟ್ಟುಕೊಂಡಿರಬಹುದು. ಸ್ಕ್ರೂಡ್ರೈವರ್ ಅಡ್ಡ ಹಾಕಿ ಚಟ್ ಎನಿಸಬೇಡಿ. 10 ಕಿಲೋ-ಓಮ್‌ನ ದಪ್ಪ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಕ್ಲಿಪ್‌ಗಳಿಂದ ಅದರ ಎರಡು ತುದಿಗೆ ಅರ್ಧ ನಿಮಿಷ ಹಿಡಿದು, ಆಮೇಲೆ ಮೀಟರಿನಲ್ಲಿ ಸೊನ್ನೆ ಬಂತೇ ನೋಡಿ.

ಮೊದಲ ಸಲ ಚಾಲೂ ಮಾಡುವುದು ಹೇಗೆ?

ಮೋಟಾರಿನ ವೈರುಗಳನ್ನು ಸೇರಿಸದೆ, ತುದಿಗಳನ್ನು ಮುಚ್ಚಿಟ್ಟು, ಸ್ಟಾರ್ಟರನ್ನಷ್ಟೇ ಮೊದಲು ಪರೀಕ್ಷಿಸಿ. ಮುಚ್ಚಳ ಹಾಕಿಯೇ ಕರೆಂಟು ಕೊಡಿ. ಹಸಿರು ಒತ್ತಿದರೆ ಒಂದೇ ಸದ್ದಿನಲ್ಲಿ ಕೂರಬೇಕು, ಬೆರಳು ತೆಗೆದರೂ ಕೂತಿರಬೇಕು. ಕೆಂಪು ಒತ್ತಿದರೆ ಬಿಡಬೇಕು. ಮತ್ತೆ ಹಸಿರು ಒತ್ತಿ, ಈ ಸಲ ಮೇನ್ ಆಫ್ ಮಾಡಿ ಆನ್ ಮಾಡಿ: ತಾನಾಗಿ ಕೂರಬಾರದು. ಕೊನೆಗೆ ಓಡುವ ಸ್ಥಿತಿಯಲ್ಲಿ ರಿಲೇಯ ಟೆಸ್ಟ್ ಗುಂಡಿ ಒತ್ತಿ, ಬಿಡಬೇಕು. ಆ ಗುಂಡಿ ಮುಚ್ಚಳದ ಒಳಗಿದ್ದರೆ ಕರೆಂಟು ಪೂರ್ತಿ ತೆಗೆದು, ಗುಂಡಿ ಒತ್ತಿದಾಗ 95-96 ತೆರೆದುಕೊಳ್ಳುತ್ತದೆಯೇ ಎಂದು ಮೀಟರಿನಲ್ಲಿ ನೋಡಿ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಮೋಟಾರು ಸೇರಿಸಬೇಡಿ.

ಆಮೇಲೆ ಮೋಟಾರು ಸೇರಿಸಿ, ಬ್ಲೇಡ್ ಇಲ್ಲದೆ, ಒಂದು ಕ್ಷಣ ಓಡಿಸಿ ದಿಕ್ಕು ನೋಡಿ. ಟೇಬಲ್ಲಿನ ಮೇಲೆ ಕಾಣುವ ಹಲ್ಲುಗಳು ನಿಂತವರ ಕಡೆಗೆ ಬರುವಂತೆ ತಿರುಗಬೇಕು. ತಿರುಗುಮುರುಗಾಗಿದ್ದರೆ ಲೈವ್ ಮತ್ತು ನ್ಯೂಟ್ರಲ್ ಅದಲು ಬದಲು ಮಾಡಿ ಪ್ರಯೋಜನವಿಲ್ಲ. ತ್ರೀ ಫೇಸ್‌ನಲ್ಲಿ ಯಾವುದಾದರೂ ಎರಡು ವೈರು ಬದಲಿಸಿದರೆ ಸಾಕಿತ್ತು. ಸಿಂಗಲ್ ಫೇಸ್ ಮೋಟಾರಿನಲ್ಲಿ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿಗಳನ್ನು ಟರ್ಮಿನಲ್ ಡಬ್ಬಿಯ ಒಳಗೆ ತಿರುಗಿಸಬೇಕು, ಚಿತ್ರ ಅದರ ಮುಚ್ಚಳದಲ್ಲೇ ಇರುತ್ತದೆ. ಇದನ್ನು ಬ್ಲೇಡ್ ಹಾಕಿ ಪರೀಕ್ಷಿಸಬೇಡಿ ಎನ್ನಲು ಕಾರಣವಿದೆ: ಬ್ಲೇಡಿನ ನಟ್ಟಿನ ಥ್ರೆಡ್ ತಿರುಗುವ ದಿಕ್ಕಿಗೆ ತಕ್ಕಂತೆ ಕೊರೆದದ್ದು, ಉಲ್ಟಾ ಓಡಿದರೆ ನಟ್ಟು ಸಡಿಲವಾಗಬಹುದು.

ಬೆರಳು ತೆಗೆದ ಕೂಡಲೇ ಗರಗಸ ನಿಂತುಬಿಡುತ್ತದೆ.

13-14ರ ವೈರು ಬಿಟ್ಟಿದೆ, ಅಥವಾ ಹಸಿರು ಬಟನ್ನಿಗೆ ಸಮಾನಾಂತರವಾಗಿ ಬಂದಿಲ್ಲ. ಬಟನ್ನನ್ನು ಒತ್ತಿದ ಹಾಗೇ ಕಟ್ಟಿಹಾಕುವ ಉಪಾಯ ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಸ್ಟಾರ್ಟ್ ಆಗುವಾಗಲೇ ಓವರ್‌ಲೋಡ್ ಟ್ರಿಪ್ ಆಗುತ್ತದೆ.

ರಿಲೇ ಸರಿಯಾದ ಆಂಪಿಯರಿನದೇ ಆಗಿದ್ದರೆ ಮೋಟಾರು ವೇಗ ಹಿಡಿಯುತ್ತಿಲ್ಲ. ಕಿವಿಗೊಟ್ಟು ಕೇಳಿ. ಕೆಪ್ಯಾಸಿಟರ್ ಸ್ಟಾರ್ಟ್ ಮೋಟಾರು ವೇಗಕ್ಕೆ ಬಂದಾಗ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಟಿಕ್ ಎಂದು ತೆರೆದುಕೊಳ್ಳುತ್ತದೆ, ನಿಲ್ಲುವಾಗ ಇನ್ನೊಮ್ಮೆ ಟಿಕ್. ಆ ಸದ್ದು ಬರದಿದ್ದರೆ ಕೆಪ್ಯಾಸಿಟರ್ ಸೋತಿರಬಹುದು, ಸ್ವಿಚ್‌ಗೆ ಹೊಟ್ಟು ತುಂಬಿರಬಹುದು, ವೋಲ್ಟೇಜ್ ಬೀಳುತ್ತಿರಬಹುದು. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರಿನ ಹತ್ತಿರ ವೋಲ್ಟೇಜ್ ಅಳೆದರೆ ಮೂರನೆಯದು ತಿಳಿಯುತ್ತದೆ; ಇದು ಕರೆಂಟು ಇರುವಾಗ ಅಳೆಯುವ ಕೆಲಸ, ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ. ಹತ್ತು ಹದಿನೈದು ನಿಮಿಷ ಓಡಿ ಆಮೇಲೆ ಟ್ರಿಪ್ ಆದರೆ ಮೊದಲು ಬ್ಲೇಡ್ ಹರಿತವಿದೆಯೇ ನೋಡಿ.

ತ್ರೀ ಫೇಸ್ ಮೋಟಾರು ಉಳಿಸಿಕೊಂಡು ವಿಎಫ್‌ಡಿ ಹಾಕಿದರೆ ಈ ಸ್ಟಾರ್ಟರ್ ಎಲ್ಲಿ ಬರುತ್ತದೆ?

ವಿಎಫ್‌ಡಿ ಮತ್ತು ಮೋಟಾರಿನ ನಡುವೆ ಬರಬಾರದು. ಓಡುತ್ತಿರುವಾಗ ಆ ನಡುವೆ ಕಾಂಟ್ಯಾಕ್ಟರ್ ತೆರೆದು ಮುಚ್ಚಿದರೆ ವಿಎಫ್‌ಡಿಯ ಒಳಗಿನ ಟ್ರಾನ್ಸಿಸ್ಟರುಗಳು ಹೋಗಬಹುದು. ಮೋಟಾರು ನೇರ ವಿಎಫ್‌ಡಿಗೆ ಸೇರಲಿ. ಹಸಿರು ಕೆಂಪು ಬಟನ್‌ಗಳನ್ನು ಹಳೆಯ ವೈರಿಂಗಿನಿಂದ ಪೂರ್ತಿ ಬಿಡಿಸಿ, ವಿಎಫ್‌ಡಿಯ ಸಣ್ಣ ವೋಲ್ಟೇಜಿನ ಕಂಟ್ರೋಲ್ ಟರ್ಮಿನಲ್‌ಗಳಿಗೆ ಮೂರು ವೈರಿನ ಪದ್ಧತಿಯಲ್ಲಿ (ಸ್ಟಾರ್ಟ್, ಸ್ಟಾಪ್ ಮತ್ತು ಕಾಮನ್) ಸೇರಿಸಿ. ಕರೆಂಟು ಬಂದ ಕೂಡಲೇ ತಾನೇ ಓಡುವ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿ. ಮೋಟಾರಿನ ಕರೆಂಟು ಮಿತಿಯನ್ನೂ ಅಲ್ಲೇ ನೇಮ್‌ಪ್ಲೇಟ್ ನೋಡಿ ತುಂಬಿ. ಓವರ್‌ಲೋಡಿನ ಕೆಲಸ ವಿಎಫ್‌ಡಿಯೇ ಮಾಡುತ್ತದೆ.

230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಳ್ಳುವ ಮಾಮೂಲಿ ವಿಎಫ್‌ಡಿ ಹೊರಗೆ ಕೊಡುವುದೂ 230 ವೋಲ್ಟ್ ತ್ರೀ ಫೇಸನ್ನೇ. ನೇಮ್‌ಪ್ಲೇಟ್‌ನಲ್ಲಿ 230/400 ಎಂದಿದ್ದರೆ ಮೋಟಾರಿನ ಟರ್ಮಿನಲ್ ಡಬ್ಬಿಯೊಳಗಿನ ಜೋಡಣೆ ಪಟ್ಟಿಗಳನ್ನು ಸ್ಟಾರ್‌ನಿಂದ ಡೆಲ್ಟಾಗೆ ಬದಲಿಸಿ. 400/690 ಎಂದಿದ್ದರೆ ಆ ಮೋಟಾರು ಇದಕ್ಕೆ ಹೊಂದುವುದಿಲ್ಲ. ಮೋಟಾರಿನಲ್ಲಿ ವಿದ್ಯುತ್ ಬ್ರೇಕ್ ಇದ್ದರೆ ಅದರ ಕಾಯಿಲಿಗೆ ಮೋಟಾರಿನ ಟರ್ಮಿನಲ್‌ನಿಂದ ಕರೆಂಟು ಕೊಡಬಾರದು, ಬ್ರೇಕಿನ ವೋಲ್ಟೇಜ್‌ಗೆ ತಕ್ಕ ಪ್ರತ್ಯೇಕ ಲೈನ್ ಬೇಕು.

ರೋಟರಿ ಕನ್ವರ್ಟರ್ (ತಿರುಗುವ ಮೋಟಾರಿನಿಂದ ಮೂರನೇ ಫೇಸ್ ಹುಟ್ಟಿಸುವ ಫೇಸ್ ಕನ್ವರ್ಟರ್) ಆದರೆ?

ಆಗ ಸ್ಟಾರ್ಟರನ್ನು ತ್ರೀ ಫೇಸ್ ಆಗಿಯೇ ಬಿಡಬಹುದು. ಒಂದೇ ಎಚ್ಚರಿಕೆ: ಕನ್ವರ್ಟರ್ ತಾನೇ ಹುಟ್ಟಿಸುವ ಮೂರನೇ ಲೈನಿನ ವೋಲ್ಟೇಜ್ ಲೋಡಿಗೆ ತಕ್ಕಂತೆ ಏರಿಳಿಯುತ್ತದೆ. ಕಾಯಿಲನ್ನು ಆ ಲೈನಿಗೆ ಸೇರಿಸಿದರೆ ಒಮ್ಮೆ ಕಟಕಟ, ಒಮ್ಮೆ ಅತಿ ಬಿಸಿ. ಸಪ್ಲೈಯಿಂದ ನೇರವಾಗಿ ಬರುವ ಎರಡು ಲೈನ್‌ಗಳು ಯಾವುವು ಎಂದು ಗುರುತಿಸಿ, ಕಾಯಿಲಿನ ಎರಡೂ ತುದಿಯನ್ನು ಅವುಗಳ ಮೇಲೆಯೇ ಇಡಿ, ಕಾಯಿಲಿನ ಮೇಲೆ ಬರೆದ ವೋಲ್ಟೇಜ್ ಆ ಎರಡರ ನಡುವಿನದಕ್ಕೆ ಹೊಂದಬೇಕು.

ಎಲ್ಲ ಮುಗಿದ ಮೇಲೆ ಡಬ್ಬಿಯ ಒಳಗೆ ಏನಾದರೂ ಬರೆದಿಡಬೇಕೇ?

ಖಂಡಿತ. ಹೊರಗಿನಿಂದ ಅದು ಇನ್ನೂ ತ್ರೀ ಫೇಸ್ ಸ್ಟಾರ್ಟರಿನಂತೆಯೇ ಕಾಣುತ್ತದೆ. ಮುಂದೆ ರಿಪೇರಿಗೆ ಬಂದವರು ಮೂರು ಫೇಸ್ ಕೊಟ್ಟುಬಿಟ್ಟರೆ 230ರ ಕಾಯಿಲಿಗೂ ಮೋಟಾರಿಗೂ 400 ಹೋಗಬಹುದು. ಹಳೆಯ ಚಿತ್ರವನ್ನು ಕಿತ್ತು ಹೊಸದನ್ನು ಬರೆದು ಮುಚ್ಚಳದ ಒಳಗೆ ಅಂಟಿಸಿ. ಸಿಂಗಲ್ ಫೇಸ್ 230 ವೋಲ್ಟ್, ಕಾಯಿಲ್ 230 ವೋಲ್ಟ್, ಓವರ್‌ಲೋಡ್ ಸೆಟ್ಟಿಂಗ್ ಇಷ್ಟು ಆಂಪಿಯರ್, ಟಿ1ರಿಂದ ಎಲ್2ಕ್ಕೆ ತುಂಡು ವೈರು ಇದೆ, ಮಾರ್ಪಡಿಸಿದ ತಾರೀಕು. ಹೊರಗೆ ಸಪ್ಲೈ ವೈರು ಬರುವ ಜಾಗದ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "ಸಿಂಗಲ್ ಫೇಸ್ ಮಾತ್ರ".